ಪದಚರ್ಚೆ: ಸಾಚಾ ಪ್ರೋಸೆಸ್ಸಿನ ಹೆಸರು ಹೊತ್ತು ಓಡುವ ಕುತಂತ್ರಾಂಶಕ್ಕೆ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ಚಿಕ್ಕಮಗಳೂರಿನಿಂದ ನಮಸ್ಕಾರ.

ಕಾಫಿ ತೋಟಗಳ ಕೆಲಸ ನೋಡಿಕೊಳ್ಳುವ ರೈಟರುಗಳಿಗೂ ಕ್ಯೂರಿಂಗ್ ಕಚೇರಿಗಳಲ್ಲಿ ಲೆಕ್ಕ ಬರೆಯುವವರಿಗೂ ಅನುಕೂಲವಾಗಲೆಂದು ಕಂಪ್ಯೂಟರ್ ಸುರಕ್ಷತೆಯ ಪುಟ್ಟ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಆ ಹೊತ್ತಿಗೆ ಓಡುತ್ತಿರುವುದನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಾಗ ಕಾಣುವ ಉದ್ದನೆಯ ಪಟ್ಟಿಯಲ್ಲಿ ವಿಂಡೋಸಿನದು ಯಾವುದು, ಅದರ ಹೆಸರು ಹೇಳಿಕೊಂಡು ಒಳಗೆ ಕುಳಿತ ಕುತಂತ್ರಾಂಶ (ಮಾಲ್‌ವೇರ್) ಯಾವುದು ಎಂದು ತಿಳಿಸುವ ಅಧ್ಯಾಯದಲ್ಲಿ ಪದಗಳಿಗಾಗಿ ತಡಕಾಡುತ್ತಿರುವುದರಿಂದ ಈ ಪತ್ರ.

ಮೊದಲ ಕರಡಿನಲ್ಲಿ ಪ್ರೋಸೆಸ್ ಎನ್ನಬೇಕಾದಲ್ಲೆಲ್ಲ ‘ಪ್ರಕ್ರಿಯೆ’ ಎಂದು ಬರೆದಿದ್ದೆ. ಮೂಡಿಗೆರೆ ಕಡೆಯ ರೈಟರೊಬ್ಬರು ಅದನ್ನು ಓದಿ, “ಅನುಮಾನ ಬಂದ ಪ್ರಕ್ರಿಯೆ ನಿಲ್ಲಿಸಿ ಅಂತ ಬರ್ದಿದ್ದೀರಿ ಸಾರ್, ಯಾವ ಕೆಲ್ಸ ನಿಲ್ಲಿಸ್ಬೇಕು?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ನೇಮಕಾತಿ ಪ್ರಕ್ರಿಯೆ, ಟೆಂಡರ್ ಪ್ರಕ್ರಿಯೆ ಎನ್ನುವಾಗ ನಮ್ಮ ಕಣ್ಣ ಮುಂದೆ ಬರುವುದು ಒಂದರ ಹಿಂದೊಂದು ನಡೆಯುವ ಹಂತಗಳು. ಕಂಪ್ಯೂಟರಿನ ಪ್ರೋಸೆಸ್ ಹಾಗಲ್ಲ. ಅದು ಡಿಸ್ಕಿನಲ್ಲಿ ಮಲಗಿದ್ದ ಪ್ರೋಗ್ರಾಮು ಎದ್ದು ಮೆಮೊರಿಗೆ ಬಂದು, ತನ್ನದೇ ಒಂದು ಸಂಖ್ಯೆ ಪಡೆದು, ತನ್ನನ್ನು ಎಬ್ಬಿಸಿದ ಇನ್ನೊಂದು ಪ್ರೋಸೆಸ್ಸಿನ ಮಗುವಾಗಿ ಓಡುತ್ತಿರುವ ರೂಪ. ಅದಕ್ಕೆ ಹೆಸರಿದೆ, ಬಂದ ಊರಿದೆ, ಹೆತ್ತವರಿದ್ದಾರೆ. ವೇಷ ಹಾಕುವುದಕ್ಕೆ ಮೈ ಬೇಕು, ಪ್ರಕ್ರಿಯೆಗೆ ಮೈಯೇ ಇಲ್ಲ. ಆದ್ದರಿಂದ ‘ಪ್ರೋಸೆಸ್’ ಎಂದೇ ಉಳಿಸಿಕೊಂಡಿದ್ದೇನೆ. (ನಮ್ಮ ಕಡೆ ಪ್ರೋಸೆಸಿಂಗ್ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ನೆನಪಾಗುವುದು ನಿಜ, ಆದರೂ ಯಾರೂ ಎಡವಿಲ್ಲ.)

‘ಕುತಂತ್ರಾಂಶ’ದ ಬಗ್ಗೆ ನನಗೆ ತಕರಾರಿಲ್ಲ. ಕೆಟ್ಟ ತಂತ್ರಾಂಶ ಎಂದು ಬಿಡಿಸಿದರೂ, ಕುತಂತ್ರದ ಅಂಶ ಎಂದು ಬಿಡಿಸಿದರೂ ಅರ್ಥ ಕೆಡುವುದಿಲ್ಲ. ಅದಕ್ಕೆ ಎದುರಾಗಿ ನಿಲ್ಲುವ ಪದಕ್ಕೆ ‘ಅಧಿಕೃತ’ ಹೊಂದಲಿಲ್ಲ, ಏಕೆಂದರೆ ಲೆಕ್ಕದ ತಂತ್ರಾಂಶದ ಪ್ರೋಸೆಸ್ಸು ವಿಂಡೋಸಿನ ಅಧಿಕೃತ ಭಾಗವಲ್ಲದಿದ್ದರೂ ಅನುಮಾನಿಸಬೇಕಾದದ್ದಲ್ಲ. ‘ಸಕ್ರಮ’ ಎಂದರೆ ಈ ಜಿಲ್ಲೆಯವರಿಗೆ ಬಗರ್‌ಹುಕುಂ ಅರ್ಜಿಯೇ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಅಕ್ರಮವಾಗಿದ್ದದ್ದೇ ಮುಂದೆ ಸಕ್ರಮವಾಗಬಹುದು, ಇಲ್ಲಿ ಆ ಸವಲತ್ತಿಲ್ಲ. ಕಡೆಗೆ ‘ಸಾಚಾ’ ಎಂದು ಬರೆದೆ.

ನಿಜವಾದ ತೊಡಕಿರುವುದು ವೇಷದ ಪದದಲ್ಲಿ. ಭದ್ರತೆಯ ಕೆಲಸದವರು ಇದನ್ನು ಮಾಸ್ಕರೇಡಿಂಗ್ ಎನ್ನುತ್ತಾರೆ. ಅಮೆರಿಕದ ಮೈಟರ್ ಸಂಸ್ಥೆಯ ದಾಳಿವಿಧಾನಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಟಿ1036. ಕನ್ನಡದಲ್ಲಿ ತಟ್ಟನೆ ಹೊಳೆಯುವುದು ‘ಮಾರುವೇಷ’. ಆದರೆ ಮಾರುವೇಷದ ಉದ್ದೇಶ ತನ್ನ ಗುರುತನ್ನು ಮರೆಸುವುದು. ವಿರಾಟನ ಮನೆಯಲ್ಲಿ ಪಾಂಡವರು ಇದ್ದದ್ದು ಮಾರುವೇಷದಲ್ಲಿ, ಅದರಿಂದ ವಿರಾಟನಿಗೆ ಕೇಡಾಗಲಿಲ್ಲ. ಸೀತೆಯ ಮುಂದೆ ರಾವಣ ಬಂದದ್ದು ಕಪಟ ಸನ್ಯಾಸಿಯಾಗಿ. ಎದುರಿನವರು ಯಾರನ್ನು ನಂಬುತ್ತಾರೋ ಅವರಂತೆಯೇ ತೋರಿಸಿಕೊಳ್ಳುವ ಈ ಎರಡನೆಯ ಬಗೆಗೆ ‘ಸೋಗು’ ಹೆಚ್ಚು ಒಪ್ಪುತ್ತದೆಂದು ನನ್ನ ಅನಿಸಿಕೆ. ಗೆಳೆಯರೊಬ್ಬರು ‘ಕಲಬೆರಕೆ’ ಎನ್ನಬಹುದಲ್ಲ ಎಂದರು. ಕಾಳುಮೆಣಸಿಗೆ ಪಪ್ಪಾಯಿ ಬೀಜ ಸೇರಿಸುವುದು ಕಲಬೆರಕೆ, ಸರಿ. ನೀರಿಗೆ ಹಾಕಿದರೆ ಮೆಣಸು ಮುಳುಗಿ ಬೀಜ ತೇಲುತ್ತದೆ, ಜೊಳ್ಳು ಮೆಣಸೂ ತೇಲುವುದರಿಂದ ಆ ಪರೀಕ್ಷೆಯೊಂದೇ ಸಾಲದು ಎಂಬುದೂ ಸರಿ. ಆದರೆ ಪಪ್ಪಾಯಿ ಬೀಜಕ್ಕೆ ತನ್ನದೇ ಸಂಚೇನೂ ಇಲ್ಲ, ಅದು ಬರಿಯ ತೂಕ.

ಸೋಗಿನಲ್ಲೂ ಬಗೆಗಳಿವೆ, ಒಂದೇ ಪದ ಎಲ್ಲಕ್ಕೂ ಸಾಲುತ್ತಿಲ್ಲ. ಮೊದಲನೆಯದು ಹೆಸರನ್ನು ಹೋಲಿಸುವುದು. ವಿಂಡೋಸಿನಲ್ಲಿ ಲಾಗಿನ್ ಮತ್ತು ಪಾಸ್‌ವರ್ಡಿನ ಕೆಲಸ ನೋಡುವ ಎಲ್‌ಸಾಸ್ ಎಂಬ ಪ್ರೋಸೆಸ್ಸಿದೆ. ಅದರ ಮೊದಲಿನ ಚಿಕ್ಕ ಎಲ್ ಅಕ್ಷರದ ಜಾಗದಲ್ಲಿ ದೊಡ್ಡ ಐ ಇಟ್ಟರೆ ಪರದೆಯ ಮೇಲೆ ಎರಡೂ ಒಂದೇ ಗೀಟು. ವಿಂಡೋಸಿನ ಹಿನ್ನೆಲೆ ಸೇವೆಗಳನ್ನು ಓಡಿಸುವ ಎಸ್‌ವಿಸಿಹೋಸ್ಟ್ ಎಂಬುದರ ವಿ, ಸಿ ಅಕ್ಷರಗಳನ್ನು ಹಿಂದುಮುಂದು ಮಾಡುವುದೂ ಹಳೆಯ ಚಾಳಿ. ಇದನ್ನು ರೈಟರುಗಳಿಗೆ ಅರ್ಥ ಮಾಡಿಸಲು ನನಗೆ ನೆರವಾದದ್ದು ನಮ್ಮದೇ ಲಿಪಿ: ‘ಸಂತೆ’ ಎಂದು ಒಮ್ಮೆ ಅನುಸ್ವಾರದಿಂದಲೂ ಇನ್ನೊಮ್ಮೆ ‘ಸ೦ತೆ’ ಎಂದು ಕನ್ನಡ ಅಂಕಿಯ ಸೊನ್ನೆಯಿಂದಲೂ ಬೆರಳಚ್ಚಿಸಿ ತೋರಿಸಿದೆ. ಕಣ್ಣಿಗೆ ಎರಡೂ ಒಂದೇ, ಆದರೆ ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಇಂಥದ್ದಕ್ಕೆ ‘ಹೆಸರುಗಳ್ಳ’ ಎಂದರೆ ಹೇಗೆ? ಸರಗಳ್ಳ, ದನಗಳ್ಳ ಎಂಬಲ್ಲಿ ಕಕಾರ ಗಕಾರವಾದಂತೆಯೇ ಇಲ್ಲೂ ಆಗಿದೆ, ಅರ್ಥವೂ ಹೆಸರು ಕದ್ದವನೆಂದೇ.

ಎರಡನೆಯದರಲ್ಲಿ ಹೆಸರು ಅಕ್ಷರಶಃ ಸರಿಯಿರುತ್ತದೆ, ಊರು ಬೇರೆ. ಸಾಚಾ ಎಸ್‌ವಿಸಿಹೋಸ್ಟ್ ಇರಬೇಕಾದದ್ದು ಸಾಮಾನ್ಯವಾಗಿ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32ರಲ್ಲಿ; ಬಲಗುಂಡಿ ಒತ್ತಿ ಫೈಲಿನ ಜಾಗ ತೆರೆದಾಗ ಅದು ಡೌನ್‌ಲೋಡ್ಸಿನಲ್ಲೋ ತಾತ್ಕಾಲಿಕ ಫೈಲುಗಳ ಟೆಂಪಿನಲ್ಲೋ ಸಿಕ್ಕರೆ ಅನುಮಾನಿಸಬೇಕು. ಫೋಲ್ಡರುಗಳನ್ನು ತೆರೆದು ತೋರಿಸುವ ಎಕ್ಸ್‌ಪ್ಲೋರರ್ ಮಾತ್ರ ಸಿಸ್ಟಮ್32ರಲ್ಲಲ್ಲ, ನೇರವಾಗಿ ವಿಂಡೋಸ್ ಫೋಲ್ಡರಿನಲ್ಲಿರುತ್ತದೆ. ಎಣಿಕೆಯಿಂದ ಮೋಸಹೋಗಬಾರದೆಂಬುದನ್ನೂ ಸೇರಿಸಬೇಕಾಯಿತು: 2017ರ ವಿಂಡೋಸ್ 10 ಪರಿಷ್ಕರಣೆಯಿಂದೀಚೆಗೆ 3.5 ಜಿಬಿಗಿಂತ ಹೆಚ್ಚು ಮೆಮೊರಿಯಿರುವ ಯಂತ್ರಗಳಲ್ಲಿ ಬಹುಪಾಲು ಸೇವೆಗಳಿಗೆ ಒಂದೊಂದು ಎಸ್‌ವಿಸಿಹೋಸ್ಟ್ ಇರುತ್ತದೆ. ಇದು ತಿಳಿಯದೆ ಒಬ್ಬರು ‘ಇಷ್ಟೊಂದು ಯಾಕೆ’ ಎಂದು ಒಂದೊಂದಾಗಿ ನಿಲ್ಲಿಸುತ್ತ ಹೋಗಿ, ಎಲ್‌ಸಾಸನ್ನೂ ನಿಲ್ಲಿಸಿ, ಯಂತ್ರ ತಾನಾಗಿ ಮುಚ್ಚಿ ತೆರೆದುಕೊಂಡಾಗ ಅರ್ಧ ಬರೆದ ಸಂಬಳದ ಪಟ್ಟಿಯನ್ನು ಕಳೆದುಕೊಂಡರು.

ಮೂರನೆಯದಕ್ಕೆ ಪದ ಹುಡುಕಬೇಕಾಗಲೇ ಇಲ್ಲ. ಸಾಚಾ ಪ್ರೋಗ್ರಾಮನ್ನೇ ತಡೆಹಿಡಿದ ಸ್ಥಿತಿಯಲ್ಲಿ ಎಬ್ಬಿಸಿ, ಮೆಮೊರಿಯಲ್ಲಿ ಅದರ ಒಳಗನ್ನು ಬರಿದುಮಾಡಿ, ತನ್ನ ಸಂಕೇತವನ್ನು (ಕೋಡ್) ತುಂಬಿ ಓಡಿಸುವ ಈ ವಿಧಾನ ಅಪ್ಪಟ ‘ಪರಕಾಯ ಪ್ರವೇಶ’. ಕಥೆಯ ಯೋಗಿಗೆ ಪ್ರಾಣ ಹೋದ ದೇಹ ಸಿಗುತ್ತಿತ್ತು, ಇಲ್ಲಿ ದೇಹವನ್ನು ತಾವೇ ಖಾಲಿ ಮಾಡಿಕೊಳ್ಳುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಆಗ ಹೆಸರೂ ಊರೂ ಸರಿಯಾಗಿಯೇ ಕಾಣುವುದರಿಂದ ಹೆತ್ತವರನ್ನು ವಿಚಾರಿಸಬೇಕು: ಎಸ್‌ವಿಸಿಹೋಸ್ಟನ್ನು ಎಬ್ಬಿಸಬೇಕಾದದ್ದು ಸರ್ವೀಸಸ್ ಎಂಬ ಪ್ರೋಸೆಸ್ಸು, ವರ್ಡ್ ಅಲ್ಲ.

ಪ್ರೋಗ್ರಾಮು ಯಾವ ಕಂಪನಿಯದೆಂದು ಖಾತರಿಪಡಿಸುವ ಡಿಜಿಟಲ್ ಸಹಿಯ ವಿಷಯದಲ್ಲಿ ‘ಕಳ್ಳಸಹಿ’ ಎಂದು ಬರೆದು ಹೊಡೆದುಹಾಕಿದ್ದೇನೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶದ ಡ್ರೈವರುಗಳ (ವಿಂಡೋಸಿನ ಒಳಪದರದಲ್ಲಿ ಓಡುವ ಪ್ರೋಗ್ರಾಮುಗಳ) ಮೇಲೆ ರಿಯಲ್‌ಟೆಕ್, ಜೆಮೈಕ್ರಾನ್ ಕಂಪನಿಗಳ ಸಹಿಯಿತ್ತು. ಸಹಿ ಖೋಟಾ ಅಲ್ಲ, ಸಹಿ ಹಾಕುವ ಕೀಲಿಯನ್ನೇ ಕದ್ದದ್ದು. ಕಳ್ಳಸಹಿ ಎಂದರೆ ಬೇರೊಬ್ಬರ ಕೈಬರಹವನ್ನು ಅನುಕರಿಸಿದ್ದೆಂದೇ ಓದುಗರು ತಿಳಿಯುವುದರಿಂದ ‘ಕದ್ದ ಮೊಹರು’ ಎಂದು ತಿದ್ದಿದ್ದೇನೆ. ಇದಕ್ಕಿಂತ ಹದವಾದದ್ದು ನಿಮಗೆ ಹೊಳೆದರೆ ತಿಳಿಸಿ.

ಇನ್ನುಳಿದದ್ದು ವ್ಯಾಕರಣದ ತೊಡಕು. ‘ಈ ಹೆಸರುಗಳ್ಳ ಟೆಂಪ್ ಫೋಲ್ಡರಿನಿಂದ ಓಡುತ್ತಿದೆ’ ಎಂದು ಬರೆದಿದ್ದಕ್ಕೆ ಕರಡು ತಿದ್ದಿದವರು ‘ಓಡುತ್ತಿದ್ದಾನೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದಾರೆ. ಕಳ್ಳ ಪುಲ್ಲಿಂಗವೆಂಬುದು ಅವರ ವಾದ, ಪ್ರೋಸೆಸ್ಸು ನಪುಂಸಕವೆಂಬುದು ನನ್ನದು. ‘ಹೆಸರುಗಳ್ಳ ಪ್ರೋಸೆಸ್’ ಎಂದು ವಿಶೇಷಣವಾಗಿ ಬಳಸಿ ಪಾರಾಗಬಹುದೇ, ಅಥವಾ ಕಳ್ಳನನ್ನೇ ನಪುಂಸಕಲಿಂಗದಲ್ಲಿ ನಡೆಸಿದ ಪ್ರಯೋಗ ನಮ್ಮಲ್ಲಿ ಈಗಾಗಲೇ ಉಂಟೇ?