ಮೀನಿಗೆ ಹೊಗೆ ಕೊಡಲು ಯಾವ ಉರುವಲು ಒಳ್ಳೆಯದು?

ಮಳವಳ್ಳಿಯಿಂದ ಪ್ರಶ್ನೆ: ನಮ್ಮ ಕೆರೆಯ ಕಾಟ್ಲಾ ಮೀನನ್ನು ಉಪ್ಪುನೀರಿನಲ್ಲಿ ನೆನೆಸಿ, ಆಲೆಮನೆಯಿಂದ ತಂದ ಕಬ್ಬಿನ ಸಿಪ್ಪೆಯ ಹೊಗೆಯಲ್ಲಿಟ್ಟೆವು. ತುಂಡುಗಳು ಕಪ್ಪಾಗಿ ಕಹಿಯಾದವು. ಅನುಭವವಿರುವವರು ದಯವಿಟ್ಟು ತಿಳಿಸಿ.

ಶ್ರೀರಂಗಪಟ್ಟಣದಿಂದ: ಸೋದರಿ, ಮೊದಲ ವರ್ಷ ನನಗೂ ಹೀಗೆಯೇ ಆಗಿತ್ತು. ಚೆನ್ನಾಗಿ ಒಣಗಿದ ಸಿಪ್ಪೆ ಧಗ್ಗನೆ ಹತ್ತಿಕೊಳ್ಳುತ್ತದೆ. ಆಲೆಮನೆಯ ಕೊಪ್ಪರಿಗೆಗೆ ಆ ಉರಿ ಬೇಕು, ಮೀನಿಗೆ ಮಾತ್ರ ಬೂದಿ ಮುಚ್ಚಿದ ಕೆಂಡದಿಂದ ನಿಧಾನವಾಗಿ ಏಳುವ ತೆಳು ಹೊಗೆ ಸಾಕು. ಸಿಪ್ಪೆ ಹಸಿಯಾಗಿದ್ದರೆ ಮಸಿ ಕಾರುತ್ತದೆ, ಬೂಸ್ಟು ಹಿಡಿದಿದ್ದರೆ ಆ ಮುಗ್ಗು ವಾಸನೆ ಮೀನಿಗೂ ಅಂಟುತ್ತದೆ. ತಾವು ತಂದದ್ದು ಎಷ್ಟು ಒಣಗಿತ್ತು ಎಂಬುದನ್ನು ಮೊದಲು ನೋಡಿರಿ.

ನಾನು ಈಗ ಒಂದು ವರ್ಷ ಒಣಗಿಸಿದ ಹುಣಸೆ ಸೌದೆಯನ್ನು ಬಳಸುತ್ತೇನೆ. ಗಟ್ಟಿ ಮರಕ್ಕೆ ಬಿಗಿ ಕೊಡುವ ಲಿಗ್ನಿನ್ ಎಂಬ ಪದಾರ್ಥ ಕಾದು ಒಡೆದಾಗ ಹುಟ್ಟುವ ಫೀನಾಲುಗಳೆಂಬ ರಾಸಾಯನಿಕಗಳೇ ಹೊಗೆಯ ಪರಿಮಳಕ್ಕೆ ಮುಖ್ಯ ಕಾರಣ. ಮೀನಿನ ಕೊಬ್ಬು ಬೇಗ ಕಮಟಾಗದಂತೆ ತಡೆಯುವುದೂ ಅವುಗಳೇ. ಹೊಂಬಣ್ಣ ಬರುವುದು ಮರದ ನಾರಿನಲ್ಲಿರುವ ಸೆಲ್ಯುಲೋಸಿನಿಂದ ಹುಟ್ಟಿದ ಕಾರ್ಬೊನಿಲ್ ಸಂಯುಕ್ತಗಳು ಮೀನಿನ ಪ್ರೋಟೀನಿನೊಂದಿಗೆ ಸೇರಿದಾಗ. ತೆಂಗಿನ ಮಟ್ಟೆಯನ್ನೂ ಪರೀಕ್ಷಿಸಿದ್ದೇನೆ. ಲಕ್ಷದ್ವೀಪದಲ್ಲಿ ಟ್ಯೂನಾ ಮೀನನ್ನು ಬೇಯಿಸಿ, ಮಟ್ಟೆಯ ಹೊಗೆಯಲ್ಲಿಟ್ಟು, ಬಿಸಿಲಿನಲ್ಲಿ ಕಲ್ಲಿನಂತೆ ಒಣಗಿಸಿ ಮಾಸ್ಮಿನ್ ಮಾಡುತ್ತಾರೆ. ನಮ್ಮ ಮೆತ್ತನೆಯ ಕಾಟ್ಲಾಕ್ಕೆ ಅದರ ಘಾಟು ಹೆಚ್ಚಾಯಿತು. ಆದ್ದರಿಂದ ಬಣ್ಣಕ್ಕೆಂದು ಕೊನೆಯ ಅರ್ಧ ಗಂಟೆ ಮಾತ್ರ ಹಾಕುತ್ತೇನೆ. ಅಂಟು ಸೋರುವ ಪೈನ್ ಪೆಟ್ಟಿಗೆಯ ಹಲಗೆ, ಬಣ್ಣ ಬಳಿದ ಮರ, ಪ್ಲೈವುಡ್ ಇವುಗಳನ್ನು ದಯವಿಟ್ಟು ಮುಟ್ಟಲೇಬೇಡಿ.

ಉರಿ ಏರಿದಷ್ಟೂ, ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಷ್ಟೂ ಕ್ಯಾನ್ಸರ್‌ಕಾರಕವಾದ ಬೆಂಜೊಪೈರೀನ್ ಹೆಚ್ಚುತ್ತದೆ. ಐರೋಪ್ಯ ಒಕ್ಕೂಟವು ಹೊಗೆ ಕೊಟ್ಟ ಮೀನಿನಲ್ಲಿ ಇದರ ಮಿತಿಯನ್ನು 2014ರಲ್ಲಿ ಕಿಲೋಗೆ 5 ಮೈಕ್ರೋಗ್ರಾಮಿನಿಂದ 2ಕ್ಕೆ ಇಳಿಸಿತು. ಕೆಂಡಕ್ಕೂ ಜಾಲರಿಗೂ ನಡುವೆ ತಗಡೊಂದನ್ನು ಓರೆಯಾಗಿ ಇಟ್ಟರೆ ಕೊಬ್ಬು ಪಕ್ಕಕ್ಕೆ ಹರಿದುಹೋಗುತ್ತದೆ. ಉಪ್ಪುನೀರಿನಿಂದ ತೆಗೆದ ತುಂಡಿನ ಮೈ ಬೆರಳಿಗೆ ತುಸು ಅಂಟುವಷ್ಟು ಆರಿದ ಮೇಲೆಯೇ ಹೊಗೆಗೆ ಇಡಿ. ಒದ್ದೆ ಮೈಗೆ ಮಸಿ ಹತ್ತುತ್ತದೆ. ಬಣ್ಣ ಚೆನ್ನಾಗಿ ಬಂದಿತೆಂದು ಮೀನನ್ನು ಹೊರಗಿಡಬೇಡಿ. ಉಪ್ಪು ಕಡಿಮೆಯಿದ್ದು ಒಳಗೆ ತೇವ ಉಳಿದ ಮೀನು ಎಷ್ಟೇ ಹೊಗೆ ಕುಡಿದಿದ್ದರೂ ಕೆಡುತ್ತದೆ, ಫ್ರಿಜ್ಜಿನಲ್ಲಿಯೇ ಇಡಬೇಕು.

ತಿ. ನರಸೀಪುರದಿಂದ: ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಸೌದೆ ಕೊಳ್ಳಲು ಕಷ್ಟವಾದಾಗ ನಾವು ಒಣಗಿದ ಕಬ್ಬಿನ ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ, ಅದರ ಎರಡರಷ್ಟು ಹುಣಸೆ ಮರದ ಹೊಟ್ಟಿನೊಂದಿಗೆ ಬೆರೆಸಿ, ಬಾಣಲೆಯಲ್ಲಿ ಒತ್ತಿ ತುಂಬಿ, ಮೇಲೊಂದು ಕೆಂಡ ಇಡುತ್ತೇವೆ. ಗಾಳಿ ಒಳನುಗ್ಗದಿರುವುದರಿಂದ ಅದು ಉರಿಯದೆ ಹೊಗೆಯಾಡುತ್ತದೆ, ತುಂಡುಗಳು ಜೇನಿನ ಬಣ್ಣಕ್ಕೆ ಬರುತ್ತವೆ.