ಸಹಾಯ ಬೇಕು: ಅಪ್ಪ-ಅಮ್ಮನ ಅಂಟಾರ್ಕ್ಟಿಕಾ ಹಡಗು ಪ್ರವಾಸ
ಎಲ್ಲರಿಗೂ ನಮಸ್ಕಾರ, ನಾನು ದಾವಣಗೆರೆಯವಳು. ಅಪ್ಪ ಭೂಗೋಳದ ಮೇಷ್ಟ್ರಾಗಿದ್ದವರು. ಅವರನ್ನೂ ಅಮ್ಮನನ್ನೂ ಜನವರಿಯಲ್ಲಿ ಅಂಟಾರ್ಕ್ಟಿಕಾಗೆ ಕಳಿಸಬೇಕು ಅಂತ ನಾವು ಮಕ್ಕಳು ದುಡ್ಡು ಕೂಡಿಟ್ಟಿದ್ದೇವೆ. ಹಡಗು ಅರ್ಜೆಂಟೀನಾದ ಉಶುವಾಯಾದಿಂದ ಹೊರಡುತ್ತದೆ. ಒಂದು ಜಾಗದಲ್ಲಿ ಒಮ್ಮೆಗೆ 100 ಪ್ರವಾಸಿಗರನ್ನಷ್ಟೇ ದಡಕ್ಕೆ ಇಳಿಸುವ ನಿಯಮವಿದೆ. ಅದಕ್ಕೇ ಚಿಕ್ಕ ಹಡಗು ನೋಡುತ್ತಿದ್ದೇವೆ. ದೊಡ್ಡದಾದರೆ ಸರದಿ ಕಾಯುವುದರಲ್ಲೇ ಹೊತ್ತು ಹೋಗುತ್ತೆ, ಅಲ್ವಾ?

ನನ್ನ ಚಿಂತೆ ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಾಗೂ ನಡುವೆ ಇರುವ ಡ್ರೇಕ್ ಜಲಸಂಧಿಯದು. ದಾಟಲು ಸುಮಾರು ಎರಡು ದಿನ, ಅಲೆ ಜಾಸ್ತಿ. ಅಮ್ಮನಿಗೆ ಚಿತ್ರದುರ್ಗದ ಬಸ್ಸಲ್ಲೇ ವಾಂತಿ ಬರುತ್ತೆ, ಬಿಪಿ ಮಾತ್ರೆ ಬೇರೆ ತಗೊಳ್ಳುತ್ತಾರೆ. ಹೋಗಿ ಬಂದವರು ದಯವಿಟ್ಟು ಹೇಳಿ. ಕೆಳಗಿನ ಅಂತಸ್ತಿನ, ನಡುಭಾಗದ ಕ್ಯಾಬಿನ್‌ನಲ್ಲಿ ಓಲಾಟ ಎಷ್ಟು ಕಮ್ಮಿ? ಹಡಗಿನಿಂದ ದಡಕ್ಕೆ ಕರೆದೊಯ್ಯುವ ರಬ್ಬರ್ ದೋಣಿಗೆ ಮಂಡಿನೋವಿನವರು ಇಳಿಯೋಕೆ ಆಗುತ್ತಾ? ಮೊಟ್ಟೆಯನ್ನೂ ಮುಟ್ಟದವರಿಗೆ ಊಟ ಹೇಗೆ? ಮುಂಗಡ ಕಟ್ಟುವ ಮೊದಲು ಇಷ್ಟು ಗೊತ್ತಾಗಬೇಕು.