ಪದಚರ್ಚೆ: ‘ಲಹಾರ್’ ಮತ್ತು ‘ತೆರವು’

ಮಾನ್ಯರೇ,
ಜ್ವಾಲಾಮುಖಿಗಳ ಸುತ್ತ ವಾಸಿಸುವವರ ರಕ್ಷಣೆಗೆ ಸರ್ಕಾರಗಳು ಕೈಗೊಳ್ಳುವ ಕ್ರಮಗಳನ್ನು ಕುರಿತ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕರಡು ಒಪ್ಪಿಸಬೇಕು, ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ಬೂದಿ ಮತ್ತು ಕಲ್ಲುಬಂಡೆಗಳು ಮಳೆನೀರಿನೊಡನೆಯೋ ಕರಗಿದ ಹಿಮದೊಡನೆಯೋ ಬೆರೆತು, ಕಲಸಿದ ಕಾಂಕ್ರೀಟಿನಂತೆ ಹೊಳೆಯ ಪಾತ್ರದಲ್ಲಿ ನುಗ್ಗಿ ಬರುವುದನ್ನು ‘ಲಹಾರ್’ ಎನ್ನುತ್ತಾರೆ. 1985ರ ನವೆಂಬರ್ 13ರ ರಾತ್ರಿ ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ ಸಿಡಿದಾಗ ಆರ್ಮೆರೊ ಪಟ್ಟಣವನ್ನು ಹೂತುಹಾಕಿದ್ದು ಲಾವಾರಸವಲ್ಲ, ಇದು. ಸತ್ತವರು ಸುಮಾರು 23,000. ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ಎರಡನೆಯದಾಗಿ, ಅಪಾಯ ಕಳೆಯುವವರೆಗೆ ಜನರನ್ನು ಊರಿನಿಂದಾಚೆ ಕಳುಹಿಸುವುದು ‘ತೆರವು’ ಆದೀತೇ, ‘ಸ್ಥಳಾಂತರ’ ಆದೀತೇ? ಕೈಪಿಡಿಯಲ್ಲಿ ಒಂದು ಮಾದರಿ ಎಚ್ಚರಿಕೆ ಫಲಕವೂ ಇದೆ.

ಮರುಪತ್ರ:
ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ‘ಲಹಾರ್’ ಜಾವಾದ ಮಾತು, ಜಾವಾದ ಭಾಷೆಯಲ್ಲಿ ಸಂಸ್ಕೃತ ಪದಗಳು ಹೇರಳವಾಗಿವೆ, ಸಂಸ್ಕೃತದಲ್ಲಿ ‘ಲಹರಿ’ ಎಂದರೆ ಹೆದ್ದೆರೆ. ಮಗಳು ತವರಿಗೆ ಬಂದಳೆಂದು ತಿಳಿದು ‘ಭಸ್ಮಲಹರಿ’ ಎನ್ನಿರಿ.

ಮರುಪತ್ರ:
ಧ್ವನಿಸಾಮ್ಯವು ವ್ಯುತ್ಪತ್ತಿಯಲ್ಲ. ಸಂಬಂಧ ನಿಜವಾಗಿದ್ದಲ್ಲಿಯೂ ಅರ್ಥ ಜೊತೆಗೆ ಬರುವುದಿಲ್ಲ ಎಂಬುದಕ್ಕೆ ಇಂಡೊನೇಷ್ಯಾದ ಅಪಾಯ ನಕ್ಷೆಗಳೇ ಸಾಕ್ಷಿ: ಅಲ್ಲಿನ ಸರ್ಕಾರ ಜ್ವಾಲಾಮುಖಿಗಳ ಸುತ್ತ ಗುರುತಿಸುವ ವಲಯಕ್ಕೆ ‘ಕವಾಸಾನ್ ರಾವಾನ್ ಬೆಂಚಾನಾ’ ಎಂದು ಹೆಸರು, ಇದರ ‘ಬೆಂಚಾನಾ’ ಸಂಸ್ಕೃತದ ‘ವಂಚನ’ದಿಂದ ಬಂದದ್ದು, ಅರ್ಥ ಮಾತ್ರ ವಿಪತ್ತು. ತಮ್ಮ ದಾರಿ ಹಿಡಿದರೆ ಅದನ್ನು ‘ವಂಚನೆಯ ವಲಯ’ ಎನ್ನಬೇಕಾಗುತ್ತದೆ. ‘ಭಸ್ಮಲಹರಿ’ ಕವನಸಂಕಲನಕ್ಕೆ ಚೆನ್ನಾಗಿ ಒಪ್ಪುವ ಹೆಸರು.

ಮರುಪತ್ರ:
ಬೂದಿ ನಮ್ಮದು, ನೆರೆ ನಮ್ಮದು. ‘ಬೂದಿನೆರೆ’ ಎಂದರೆ ಮುಗಿಯಿತು. ಕೈಯಾರೆ ಕಟ್ಟಬಹುದಾದ ಪದವನ್ನು ಕಡ ತರುವುದು ಸೋಮಾರಿತನ. ಈ ಕೈಪಿಡಿಯಲ್ಲಿ ‘ಜ್ವಾಲಾಮುಖಿ’ಯೂ ‘ಉರಿಬೆಟ್ಟ’ವಾಗಲಿ.

ಮರುಪತ್ರ:
‘ಬೂದಿನೆರೆ’ಯ ಅಂದಕ್ಕೆ ನನ್ನ ತಕರಾರಿಲ್ಲ, ಅದು ಓದುಗನ ಮನಸ್ಸಿನಲ್ಲಿ ಮೂಡಿಸುವ ಚಿತ್ರಕ್ಕೆ ತಕರಾರಿದೆ. ನೆರೆ ಎಂದೊಡನೆ ಜನ ಅಟ್ಟ ಹತ್ತಿ ನೀರಿಳಿಯುವುದನ್ನು ಕಾಯುತ್ತಾರೆ; ಲಹಾರ್ ಅಟ್ಟವನ್ನೂ ಅದನ್ನು ಹೊತ್ತ ಗೋಡೆಯನ್ನೂ ಒಯ್ಯುತ್ತದೆ. ಆರ್ಮೆರೊ ಅದರ ಹಾದಿಯಲ್ಲಿದೆ ಎಂದು ತೋರಿಸುವ ನಕ್ಷೆ ಒಂದು ತಿಂಗಳು ಮೊದಲೇ ಸಿದ್ಧವಾಗಿತ್ತು, ಆದರೂ ಜನ ಮನೆಗಳೊಳಗೇ ಉಳಿದಿದ್ದರು. ಫಿಲಿಪ್ಪೀನ್ಸ್‌ನ ಪಿನಾಟುಬೊ 1991ರ ಜೂನ್ 15ರಂದು ಸಿಡಿದ ಮೇಲೆ ಮಳೆಗಾಲ ಬಂದಾಗಲೆಲ್ಲ ವರ್ಷಗಟ್ಟಲೆ ಲಹಾರ್‌ಗಳು ಇಳಿದವು, ಅವನ್ನು ತಡೆಯಲು ಸರ್ಕಾರ ಉದ್ದುದ್ದ ಒಡ್ಡುಗಳನ್ನು ಕಟ್ಟಬೇಕಾಯಿತು. ಜಪಾನಿನಲ್ಲಿ ಇಂಥ ಒಡ್ಡುಗಳಿಗಿರುವ ‘ಸಾಬೊ’ ಎಂಬ ಹೆಸರನ್ನು ಬೇರೆ ನಾಡುಗಳ ಇಂಜಿನಿಯರುಗಳೂ ಹಾಗೆಯೇ ಬಳಸುತ್ತಾರೆ. ಹೊಸ ಅಪಾಯಕ್ಕೆ ಹಳೆಯ ಪದ ತೊಡಿಸಿದರೆ ಹಳೆಯ ಅಭ್ಯಾಸವೂ ಹಿಂದೆಯೇ ಬರುತ್ತದೆ. 2004ರ ಬಳಿಕ ‘ಸುನಾಮಿ’ ನಮ್ಮಲ್ಲಿ ನೆಲೆಯೂರಲಿಲ್ಲವೇ?

ಇನ್ನು ‘ತೆರವು’. ಇದರ ಕರ್ಮ ಜಾಗವೇ ಹೊರತು ಜನರಲ್ಲ. ‘ಊರನ್ನು ತೆರವುಗೊಳಿಸಿದರು’ ಸರಿ. ‘ಜನರನ್ನು ತೆರವುಗೊಳಿಸಿದರು’ ಎಂದರೆ ಅವರನ್ನೇ ಒತ್ತುವರಿಯೆಂದು ಬಗೆದಂತೆ. ಪಿನಾಟುಬೊದಲ್ಲಿ ಬರಿದುಮಾಡಿದ ವೃತ್ತದ ತ್ರಿಜ್ಯ 10 ಕಿಲೋಮೀಟರಿನಿಂದ 20, 30, ಕೊನೆಗೆ 40ಕ್ಕೆ ಬೆಳೆಯಿತು. ಅಲ್ಲಿ ‘ತೆರವು’ ಹೊಂದುತ್ತದೆ. ಅದೇ ದೇಶದ ಮಯೋನ್ ಜ್ವಾಲಾಮುಖಿಯ ಸುತ್ತಲಿನ 6 ಕಿಲೋಮೀಟರಿನ ಶಾಶ್ವತ ಅಪಾಯ ವಲಯದಿಂದ ಕುಟುಂಬಗಳನ್ನು ಬೇರೆಡೆ ನೆಲೆಗೊಳಿಸುವುದಕ್ಕೆ ‘ಸ್ಥಳಾಂತರ’ವನ್ನು ಕಾಯ್ದಿಡಿ.

ಮರುಪತ್ರ:
‘ಸುನಾಮಿ’ಗೆ ಬಾಗಿಲು ತೆರೆದದ್ದೇ ತಪ್ಪು. ಒಂದು ತಪ್ಪು ಇನ್ನೊಂದಕ್ಕೆ ಆಧಾರವಾಗದು.

ಮರುಪತ್ರ:
ಮಾನ್ಯರೇ, ಪಠ್ಯದಲ್ಲಿ ‘ಲಹಾರ್’ ಎಂದೇ ಉಳಿಸಿ, ಮೊದಲ ಬಾರಿ ಬಂದಲ್ಲಿ ‘ಬೂದಿಗೆಸರಿನ ನುಗ್ಗು’ ಎಂದು ವಿವರಿಸಿದ್ದೇನೆ. ಜಾಗಕ್ಕೆ ‘ತೆರವು’ ಇಟ್ಟಿದ್ದೇನೆ. ಫಲಕದಲ್ಲಿ ಎರಡೂ ಇಲ್ಲ: ‘ಹೊಳೆಯ ಕಡೆಯಿಂದ ಮೊರೆತ ಕೇಳಿದರೆ ಸೇತುವೆ ದಾಟಬೇಡಿ. ಕೂಡಲೇ ದಿಬ್ಬ ಹತ್ತಿರಿ.’

ಮರುಪತ್ರ:
‘ದಿಬ್ಬ’ ಸರಿ. ‘ಎತ್ತರದ ಪ್ರದೇಶ’ ಎಂದಿದ್ದರೆ ಆಕ್ಷೇಪಿಸುತ್ತಿದ್ದೆ. ‘ಸೇತುವೆ’ಯ ಬಗ್ಗೆ ನಾಳೆ ಬರೆಯುತ್ತೇನೆ.